ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಲು: ದಾರಿ ಆರಿಸುವವರಿಗೊಂದು ಮಾರ್ಗದರ್ಶಿ

ಪೊಲೀಸ್ ಅಧಿಕಾರಿಯಾಗಬೇಕೆಂದು ಹೊರಟ ಯುವಕ ಯುವತಿಯರು ಸಾಮಾನ್ಯವಾಗಿ ವಿಚಾರಿಸುವುದು ಪರೀಕ್ಷೆಯ ಸಂಗತಿಗಳನ್ನು: ಯಾವ ಪುಸ್ತಕ ಓದಬೇಕು, ಕಳೆದ ಬಾರಿ ಕಟ್ ಆಫ್ ಎಷ್ಟಿತ್ತು, ದೈಹಿಕ ಪರೀಕ್ಷೆಗೆ ಎಷ್ಟು ತಿಂಗಳ ಅಭ್ಯಾಸ ಬೇಕು. ಇಲಾಖೆಗೆ ಸೇರಿ ಇಪ್ಪತ್ತೈದು ಮೂವತ್ತು ವರ್ಷ ಕಳೆದ ಮೇಲೆ ತಾವು ಯಾವ ಹುದ್ದೆಯಲ್ಲಿರಬಹುದು ಎಂಬ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಮಾಡಿ ನೋಡುವವರು ಕಡಿಮೆ. ಈ ಸೇವೆಯಲ್ಲಿ ಯಾವ ಬಾಗಿಲಿನಿಂದ, ಯಾವ ವಯಸ್ಸಿನಲ್ಲಿ ಒಳಗೆ ಬಂದಿರಿ ಎಂಬುದೇ ಎಷ್ಟು ಮೇಲಕ್ಕೆ ಹೋಗಬಹುದೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ. ಆ ಹುದ್ದೆಯಲ್ಲಿ ಎಂಥ ಅಧಿಕಾರಿಯಾಗಿ ಕೂರುತ್ತೀರಿ ಎಂಬುದು ಮಾತ್ರ ಠಾಣೆ ಮತ್ತು ಉಪವಿಭಾಗದಲ್ಲಿ ಕಳೆಯುವ ಮೊದಲ ಏಳೆಂಟು ವರ್ಷಗಳಲ್ಲಿ ನಿಶ್ಚಯವಾಗುತ್ತದೆ. ಈ ಎರಡನ್ನೂ ಮುಂದಿಟ್ಟುಕೊಂಡು, ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯಲ್ಲಿ ಮೇಲಿನ ಹುದ್ದೆಗಳ ಹಾದಿ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹುದ್ದೆಗಳ ಕ್ರಮ

ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಇನ್‌ಸ್ಪೆಕ್ಟರ್, ಡಿವೈಎಸ್‌ಪಿ (ಪೊಲೀಸ್ ಉಪಾಧೀಕ್ಷಕ), ಹೆಚ್ಚುವರಿ ಎಸ್‌ಪಿ, ಎಸ್‌ಪಿ (ಪೊಲೀಸ್ ಅಧೀಕ್ಷಕ), ಡಿಐಜಿ (ಉಪ ಮಹಾನಿರೀಕ್ಷಕ), ಐಜಿಪಿ (ಮಹಾನಿರೀಕ್ಷಕ), ಎಡಿಜಿಪಿ (ಹೆಚ್ಚುವರಿ ಮಹಾನಿರ್ದೇಶಕ), ಡಿಜಿಪಿ (ಮಹಾನಿರ್ದೇಶಕ) ಎಂಬುದು ಕೆಳಗಿನಿಂದ ಮೇಲಕ್ಕೆ ಸಾಗುವ ಕ್ರಮ. ಎಲ್ಲಕ್ಕೂ ಮೇಲೆ, ಬೆಂಗಳೂರಿನ ನೃಪತುಂಗ ರಸ್ತೆಯ ಪ್ರಧಾನ ಕಚೇರಿಯಲ್ಲಿ ಕೂರುವ ಪೊಲೀಸ್ ಮಹಾನಿರ್ದೇಶಕರು ಮತ್ತು ಮಹಾನಿರೀಕ್ಷಕರು ಇರುತ್ತಾರೆ; ಇಲಾಖೆಯವರ ಬಾಯಲ್ಲಿ ಅದು ಡಿಜಿ ಮತ್ತು ಐಜಿಪಿ. ಡಿಜಿಪಿ ದರ್ಜೆಯ ಅಧಿಕಾರಿಗಳು ಏಕಕಾಲಕ್ಕೆ ಹಲವರಿರಬಹುದು, ಪಡೆಯ ಮುಖ್ಯಸ್ಥರು ಮಾತ್ರ ಒಬ್ಬರೇ. ಹೊರಗಿನವರು ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ಗೊಂದಲಗಳು ಹುಟ್ಟುತ್ತವೆ.

ಇದೇ ದರ್ಜೆಗಳಿಗೆ ಕಮಿಷನರೇಟ್‌ಗಳಲ್ಲಿ ಬೇರೆ ಹೆಸರುಗಳಿವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮತ್ತು ಕಲಬುರಗಿ ನಗರಗಳಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆ ಇದೆ. ಅಲ್ಲಿ ಡಿವೈಎಸ್‌ಪಿಗೆ ಸಮನಾದವರು ಎಸಿಪಿ (ಸಹಾಯಕ ಆಯುಕ್ತರು), ಎಸ್‌ಪಿಗೆ ಸಮನಾದವರು ಡಿಸಿಪಿ (ಉಪ ಆಯುಕ್ತರು). ಹೆಸರಷ್ಟೇ ಅಲ್ಲ, ಅಧಿಕಾರವೂ ಬೇರೆಯಾಗುತ್ತದೆ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಹೊರಡಿಸಬೇಕಾದರೆ ಎಸ್‌ಪಿಯವರು ಜಿಲ್ಲಾಧಿಕಾರಿಗೆ ವರದಿ ಕಳಿಸಿ ಆದೇಶಕ್ಕೆ ಕಾಯಬೇಕು. ನಗರದಲ್ಲಿ ಆಯುಕ್ತರೇ ಆ ಆದೇಶಕ್ಕೆ ಸಹಿ ಹಾಕುತ್ತಾರೆ. ಜಿಲ್ಲೆಗಳು ವಲಯಗಳಿಗೆ ಸೇರುತ್ತವೆ, ವಲಯಕ್ಕೆ ಒಬ್ಬ ಐಜಿಪಿ ಅಥವಾ ಡಿಐಜಿ ಇರುತ್ತಾರೆ. ಉದಾಹರಣೆಗೆ ಮಂಗಳೂರಿನಲ್ಲಿ ಕಚೇರಿ ಇರುವ ಪಶ್ಚಿಮ ವಲಯಕ್ಕೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಸೇರುತ್ತವೆ.

ಬಾಗಿಲುಗಳು

ಮೇಲಿನ ಹುದ್ದೆಗಳಿಗೆ ಹತ್ತಿರದ ಬಾಗಿಲು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ. ಅದರಲ್ಲಿ ಭಾರತೀಯ ಪೊಲೀಸ್ ಸೇವೆಗೆ (ಐಪಿಎಸ್) ಆಯ್ಕೆಯಾದವರು ಎಎಸ್‌ಪಿಯಾಗಿ (ಸಹಾಯಕ ಪೊಲೀಸ್ ಅಧೀಕ್ಷಕ; ಹೆಚ್ಚುವರಿ ಎಸ್‌ಪಿ ಅಲ್ಲ), ಅಂದರೆ ಡಿವೈಎಸ್‌ಪಿಯಂತೆ ಉಪವಿಭಾಗದ ಮುಖ್ಯಸ್ಥರಾಗಿ ಕೆಲಸ ಆರಂಭಿಸುತ್ತಾರೆ. ವಯಸ್ಸು 21 ತುಂಬಿರಬೇಕು, ಸಾಮಾನ್ಯ ವರ್ಗಕ್ಕೆ ಮೇಲ್ಮಿತಿ 32, ಅವಕಾಶಗಳು 6. ಎತ್ತರ ಪುರುಷರಿಗೆ 165 ಸೆಂಟಿಮೀಟರ್, ಮಹಿಳೆಯರಿಗೆ 150. ಕೆಲವು ವರ್ಗಗಳಿಗೆ ಸಡಿಲಿಕೆ ಉಂಟು. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆದರೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಗ್ರಾಮೀಣ ಭಾಗದ ಮಕ್ಕಳು ಭಾಷೆಯ ಅಳುಕಿನಿಂದ ಈ ಬಾಗಿಲನ್ನು ತಟ್ಟದೆಯೇ ಹಿಂದೆ ಸರಿಯುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಐಪಿಎಸ್ ಸಿಕ್ಕಿದ ಮಾತ್ರಕ್ಕೆ ಕರ್ನಾಟಕ ಕೇಡರ್, ಅಂದರೆ ಕರ್ನಾಟಕಕ್ಕೇ ಹಂಚಿಕೆ, ಸಿಗುತ್ತದೆಂಬ ಖಾತರಿಯಿಲ್ಲ. ಒಂದು ರಾಜ್ಯದ ಹುದ್ದೆಗಳಲ್ಲಿ ಆ ರಾಜ್ಯದವರಿಗೆ ಒಂದು ಭಾಗ, ಹೊರಗಿನವರಿಗೆ ಎರಡು ಭಾಗ ಎಂಬುದು ಹಂಚಿಕೆಯ ತತ್ತ್ವ. ಧಾರವಾಡದ ಹುಡುಗಿ ಅಸ್ಸಾಂನಲ್ಲಿ, ಹಿಮಾಚಲದ ಹುಡುಗ ರಾಯಚೂರಿನಲ್ಲಿ ಬಾಳೆಲ್ಲ ದುಡಿಯುವುದು ಇದರಿಂದಲೇ. ಹಾಗೆ ಇಲ್ಲಿಗೆ ಬಂದ ಹೊರರಾಜ್ಯದವರು ಕನ್ನಡ ಕಲಿತು ಇಲಾಖಾ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು.

ಎರಡನೆಯ ಬಾಗಿಲು ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ. ಇದರಲ್ಲಿ ಆಯ್ಕೆಯಾಗಿ ಡಿವೈಎಸ್‌ಪಿ ಆದವರು ಸ್ವಂತ ರಾಜ್ಯದಲ್ಲೇ ಉಳಿಯುತ್ತಾರೆ, ಜನರ ಭಾಷೆ ಮತ್ತು ಊರಿನ ಒಳಸುಳಿ ಅವರಿಗೆ ಮೊದಲೇ ಗೊತ್ತಿರುತ್ತದೆ. ಆದರೆ ಈ ದಾರಿಯ ದೊಡ್ಡ ತೊಡಕು ಕಾಲಹರಣ. 2011ನೇ ಸಾಲಿನಲ್ಲಿ ಆಯ್ಕೆಯಾದ 362 ಅಭ್ಯರ್ಥಿಗಳ ಪಟ್ಟಿಯನ್ನು ಸರ್ಕಾರವೇ ಹಿಂಪಡೆದು, ಪ್ರಕರಣ ನ್ಯಾಯಮಂಡಳಿ ಮತ್ತು ನ್ಯಾಯಾಲಯಗಳನ್ನು ಸುತ್ತಿ, ಕೊನೆಗೆ ಅವರ ನೇಮಕವನ್ನು ಊರ್ಜಿತಗೊಳಿಸಲು 2022ರಲ್ಲಿ ವಿಧಾನಮಂಡಲ ಕಾಯ್ದೆಯನ್ನೇ ತರಬೇಕಾಯಿತು. 2024ರ ಆಗಸ್ಟ್‌ನಲ್ಲಿ 384 ಹುದ್ದೆಗಳಿಗೆ ನಡೆದ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಯಿತು. ಅಧಿಸೂಚನೆಗಳ ನಡುವೆ ವರ್ಷಗಳೇ ಕಳೆದುಹೋಗುವುದರಿಂದ, ಇದೊಂದನ್ನೇ ನೆಚ್ಚಿ ಕೂರುವುದು ಸರಿಯಲ್ಲ. ಕೇಂದ್ರದ ಪರೀಕ್ಷೆಗೆ ಓದುತ್ತಲೇ ಇದನ್ನೂ ಬರೆಯಿರಿ. ಪಠ್ಯದ ಬಹುಭಾಗ ಎರಡಕ್ಕೂ ಒಂದೇ.

ಮೂರನೆಯದು ಪಿಎಸ್‌ಐ ನೇಮಕಾತಿ. ಪದವಿ ಇರಬೇಕು, ಸಿವಿಲ್ ಪಿಎಸ್‌ಐಗೆ ಪುರುಷರ ಎತ್ತರ 168 ಸೆಂಟಿಮೀಟರ್, ಮಹಿಳೆಯರದು 157. ದೈಹಿಕ ಪರೀಕ್ಷೆಯ ನಂತರ ಪ್ರಬಂಧ, ಸಂಕ್ಷೇಪ ಮತ್ತು ಭಾಷಾಂತರದ 50 ಅಂಕಗಳ ಒಂದು ಪತ್ರಿಕೆ, 150 ಅಂಕಗಳ ವಸ್ತುನಿಷ್ಠ ಮಾದರಿಯ ಇನ್ನೊಂದು ಪತ್ರಿಕೆ ಇರುತ್ತವೆ. 545 ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರು ಕಳೆದುಕೊಂಡ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಪಿಎಸ್‌ಐ ಆಗಿ ಸೇರಿದವರು ಇನ್‌ಸ್ಪೆಕ್ಟರ್, ಡಿವೈಎಸ್‌ಪಿ ಹಂತಗಳನ್ನು ದಾಟಿ ಹೆಚ್ಚುವರಿ ಎಸ್‌ಪಿ ಅಥವಾ ಐಪಿಎಸ್ ಅಲ್ಲದ ಎಸ್‌ಪಿಯಾಗಿ ನಿವೃತ್ತರಾಗುವುದುಂಟು. ಕಾನ್‌ಸ್ಟೆಬಲ್ ಆಗಿ ಸೇರಿದವರಿಗೆ ಈ ದೂರ ಇನ್ನೂ ಹೆಚ್ಚು. ಅವರ ಪೈಕಿ ಪದವೀಧರರು ಸೇವಾನಿರತರಿಗೆ ಮೀಸಲಾದ ಪಿಎಸ್‌ಐ ಹುದ್ದೆಗಳ ಕಡೆ ಕಣ್ಣಿಟ್ಟಿರಬೇಕು. ಠಾಣೆಯ ಪಾಳಿ ಕೆಲಸದ ನಡುವೆ ಓದಿ ಮೇಲಿನ ಪರೀಕ್ಷೆಗಳನ್ನು ಗೆದ್ದವರು ಇಲಾಖೆಯಲ್ಲಿದ್ದಾರೆ. ಅಂಥವರು ಸಭೆಯಲ್ಲಿ ಮಾತಾಡುವಾಗ ಅವರ ಮಾತಿಗೆ ಬೇರೆಯೇ ತೂಕ ಇರುತ್ತದೆ.

ವಯಸ್ಸಿನ ಲೆಕ್ಕ

ಈಗ ಕಾಗದ ಪೆನ್ನು ತೆಗೆದುಕೊಂಡು ನಿಮ್ಮ ಲೆಕ್ಕ ನೀವೇ ಮಾಡಿ. ಐಪಿಎಸ್ ಅಧಿಕಾರಿ 4 ವರ್ಷ ಪೂರೈಸಿದಾಗ ಹಿರಿಯ ವೇತನ ಶ್ರೇಣಿಗೆ, ಅಂದರೆ ಎಸ್‌ಪಿ ದರ್ಜೆಗೆ ಬರುತ್ತಾರೆ. 14 ವರ್ಷಕ್ಕೆ ಡಿಐಜಿ, 18 ವರ್ಷಕ್ಕೆ ಐಜಿಪಿ, 25 ವರ್ಷಕ್ಕೆ ಎಡಿಜಿಪಿ, 30 ವರ್ಷಕ್ಕೆ ಡಿಜಿಪಿ ಬಡ್ತಿಗೆ ಅರ್ಹತೆ ಬರುತ್ತದೆ. ಇವು ಕನಿಷ್ಠ ಮಿತಿಗಳು. ಹುದ್ದೆ ಖಾಲಿ ಇಲ್ಲದಿದ್ದರೆ ಕಾಯಬೇಕು. ಮೂಲ ವೇತನ ಎಎಸ್‌ಪಿಗೆ 56,100 ರೂಪಾಯಿಯಿಂದ ಆರಂಭವಾಗಿ, ಏಳನೇ ಕೇಂದ್ರ ವೇತನ ಆಯೋಗದ ಕೋಷ್ಟಕದಂತೆ ಪಡೆಯ ಮುಖ್ಯಸ್ಥರಿಗೆ 2,25,000 ರೂಪಾಯಿ ಆಗುತ್ತದೆ. ನಿವೃತ್ತಿ ವಯಸ್ಸು 60.

24ನೇ ವಯಸ್ಸಿಗೆ ಸೇವೆಗೆ ಬಂದವರು 49ಕ್ಕೆ ಎಡಿಜಿಪಿ ಆಗಬಹುದು, 54ಕ್ಕೆ ಡಿಜಿಪಿ ದರ್ಜೆ ಮುಟ್ಟಬಹುದು. ಆಮೇಲೂ 6 ವರ್ಷ ಸೇವೆ ಉಳಿದಿರುತ್ತದೆ. 29ಕ್ಕೆ ಬಂದವರು 59ರಲ್ಲಿ ಆ ದರ್ಜೆಗೆ ತಲುಪುತ್ತಾರೆ, ಉಳಿಯುವುದು ಒಂದೇ ವರ್ಷ. 31ಕ್ಕೆ ಬಂದವರಿಗೆ 30 ವರ್ಷಗಳ ಸೇವೆಯೇ ಪೂರ್ತಿಯಾಗುವುದಿಲ್ಲ. ಮೀಸಲಾತಿಯ ವಯೋಸಡಿಲಿಕೆಯಲ್ಲಿ 35ಕ್ಕೆ ಬಂದವರು 53ಕ್ಕೆ ಐಜಿಪಿ ಆಗುವಷ್ಟರಲ್ಲಿ, ಎಡಿಜಿಪಿಗೆ ಬೇಕಾದ 25 ವರ್ಷ ತುಂಬುವುದು ನಿವೃತ್ತಿಯ ಹೊತ್ತಿಗೆ. ಈ ಅಂಕಿಗಳು ನಿಮ್ಮನ್ನು ಹೆದರಿಸಲು ಹೇಳಿದವಲ್ಲ. ಐಜಿಪಿಯಾಗಿ ಒಂದು ವಲಯ ನಡೆಸುವುದು ಕಡಿಮೆ ಸಾಧನೆ ಅಲ್ಲವೇ ಅಲ್ಲ. ಆದರೆ ಕೋಚಿಂಗ್ ಕೇಂದ್ರಗಳಲ್ಲಿ ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಮುಂದೂಡುವಾಗ ಆ ಒಂದೊಂದು ವರ್ಷವೂ ಸೇವೆಯ ಕೊನೆಯ ತುದಿಯಿಂದ ಕಳೆಯುತ್ತದೆ ಎಂಬುದು ತಿಳಿದಿರಲಿ.

ಡಿವೈಎಸ್‌ಪಿಯಾಗಿ ಬಂದವರ ಲೆಕ್ಕ ಬೇರೆ. ಐಪಿಎಸ್‌ನ ಹಿರಿಯ ಹುದ್ದೆಗಳಲ್ಲಿ ಮೂರನೇ ಒಂದು ಭಾಗವನ್ನು ಮೀರದಂತೆ ರಾಜ್ಯ ಪೊಲೀಸ್ ಸೇವೆಯವರಿಗೆ ಬಡ್ತಿಯ ಮೂಲಕ ಕೊಡಲು 1954 ಮತ್ತು 1955ರ ನಿಯಮಾವಳಿಗಳು ಅವಕಾಶ ಮಾಡಿವೆ. ಡಿವೈಎಸ್‌ಪಿ ದರ್ಜೆಯಲ್ಲಿ 8 ವರ್ಷ ನಿರಂತರ ಸೇವೆ ಆಗಿರಬೇಕು. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರು ಅಥವಾ ಸದಸ್ಯರ ನೇತೃತ್ವದ ಸಮಿತಿ ಸೇವಾ ದಾಖಲೆ ನೋಡಿ ಪಟ್ಟಿ ಸಿದ್ಧಪಡಿಸುತ್ತದೆ. 8 ವರ್ಷ ಎನ್ನುವುದು ಕಾಗದದ ಮೇಲಿನ ಮಾತು. ಖಾಲಿ ಹುದ್ದೆ, ಜ್ಯೇಷ್ಠತಾ ಪಟ್ಟಿಯ ತಕರಾರು, ನ್ಯಾಯಾಲಯದ ತಡೆಯಾಜ್ಞೆ ಎಲ್ಲ ಸೇರಿ ಅದಕ್ಕಿಂತ ಬಹಳ ಹೆಚ್ಚು ಕಾಯಬೇಕಾಗುತ್ತದೆ. ಆಯ್ಕೆಯಾದಾಗ ಹಿಂದಿನ ಸೇವೆಯನ್ನು ಪರಿಗಣಿಸಿ ಒಂದು ಬ್ಯಾಚ್ ವರ್ಷ ನಿಗದಿಪಡಿಸುತ್ತಾರೆ, ಮುಂದಿನ ಬಡ್ತಿ ಆ ವರ್ಷದ ಮೇಲೆ ನಿಲ್ಲುತ್ತದೆ. ಈ ದಾರಿಯಲ್ಲಿ ಬಂದ ಬಹುತೇಕರು ಎಸ್‌ಪಿ ಅಥವಾ ಡಿಐಜಿಯಾಗಿ ನಿವೃತ್ತರಾಗುತ್ತಾರೆ, ಕೆಲವರು ಐಜಿಪಿ ಆಗುತ್ತಾರೆ. ಇಲಾಖೆಯಲ್ಲಿ ಇವರನ್ನು ಕನ್ಫರ್ಡ್ ಐಪಿಎಸ್, ಅಂದರೆ ಬಡ್ತಿಯಲ್ಲಿ ಐಪಿಎಸ್ ಪಡೆದವರು, ಎಂದು ಕರೆಯುತ್ತಾರೆ. ಆ ಮಾತಿನಲ್ಲಿ ಕೆಲವೊಮ್ಮೆ ಸಣ್ಣ ತಾರತಮ್ಯದ ಧ್ವನಿ ಇರುವುದು ನಿಜ. ಜಿಲ್ಲೆಯ ನಾಡಿಮಿಡಿತ ತಿಳಿದು ಗಲಭೆಯನ್ನು ಮಾತಿನಲ್ಲೇ ತಣ್ಣಗಾಗಿಸಿದ ಅನೇಕರು ಇದೇ ಸಾಲಿನವರು ಎಂಬುದೂ ಅಷ್ಟೇ ನಿಜ.

ತರಬೇತಿ

ಐಪಿಎಸ್‌ನವರಿಗೆ ಮಸ್ಸೂರಿಯ ಅಕಾಡೆಮಿಯಲ್ಲಿ ಫೌಂಡೇಷನ್ ಕೋರ್ಸ್, ನಂತರ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಮೂಲ ತರಬೇತಿ, ನಡುವೆ ಹಂಚಿಕೆಯಾದ ರಾಜ್ಯದ ಜಿಲ್ಲೆಯೊಂದರಲ್ಲಿ ಪ್ರಾಯೋಗಿಕ ತರಬೇತಿ ಇರುತ್ತದೆ. ಡಿವೈಎಸ್‌ಪಿ ಪ್ರೊಬೇಷನರ್‌ಗಳು ಮತ್ತು ಪಿಎಸ್‌ಐಗಳು ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ಕಲಿಯುತ್ತಾರೆ. ಕಲಬುರಗಿಯಲ್ಲೂ ತರಬೇತಿ ಕಾಲೇಜು ಇದೆ. ಮೈದಾನದ ಕವಾಯತಿಗೆ ದೇಹ ಹೇಗೋ ಹೊಂದಿಕೊಳ್ಳುತ್ತದೆ. ಕಷ್ಟವಾಗುವುದು ಕಾನೂನು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ, ಅದಕ್ಕಿಂತ ಹಿಂದಿನ ಪ್ರಕರಣಗಳು ಹಳೆಯ ಸಂಹಿತೆಗಳಲ್ಲೇ ಸಾಗುತ್ತಿವೆ. ಎರಡನ್ನೂ ಪಕ್ಕಪಕ್ಕದಲ್ಲಿ ಓದಬೇಕಾದ ತಲೆಮಾರು ನಿಮ್ಮದು.

ಮೊದಲ ಏಳೆಂಟು ವರ್ಷ

ನನ್ನ ಅಭಿಪ್ರಾಯದಲ್ಲಿ ಇಡೀ ವೃತ್ತಿಜೀವನದ ಅತ್ಯಂತ ಬೆಲೆಬಾಳುವ ಕಾಲ ಉಪವಿಭಾಗದ ಕಾಲ. ಎಎಸ್‌ಪಿ ಅಥವಾ ಡಿವೈಎಸ್‌ಪಿಯ ಕೈಕೆಳಗೆ ಕೆಲವು ವೃತ್ತಗಳು (ಸರ್ಕಲ್), ಅವುಗಳ ಕೆಳಗೆ ಠಾಣೆಗಳು ಇರುತ್ತವೆ. ಮೇಲಿನ ಅಧಿಕಾರಿಗಳಿಗೆ ಎಲ್ಲವೂ ವರದಿಯಾಗಿ ತಲುಪುತ್ತದೆ. ಘಟನೆ ನಡೆದ ಜಾಗ, ಸತ್ತವರ ಮನೆಯವರು, ಸಾಕ್ಷಿಯ ಮುಖ, ಪಿಎಸ್‌ಐಯ ಹಿಂಜರಿಕೆ ಇವೆಲ್ಲ ನೇರವಾಗಿ ಕಣ್ಣಿಗೆ ಬೀಳುವ ಕೊನೆಯ ಹುದ್ದೆ ಇದೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ಪ್ರಕರಣಗಳ ತನಿಖೆಯನ್ನು 1995ರ ನಿಯಮಗಳ ಪ್ರಕಾರ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, 60 ದಿನಗಳೊಳಗೆ ಮುಗಿಸಬೇಕು. ಹಾಗಾಗಿ ನೀವು ಸ್ವತಃ ತನಿಖಾಧಿಕಾರಿಯಾಗಿ ಕೇಸ್ ಡೈರಿ ಬರೆಯುವ, ಮಹಜರಿಗೆ ನಿಲ್ಲುವ, ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸುವ ಅವಕಾಶ ಇಲ್ಲಿ ಸಿಗುತ್ತದೆ. ಇದನ್ನು ರೈಟರ್ (ಠಾಣೆಯ ಬರವಣಿಗೆ ನೋಡಿಕೊಳ್ಳುವ ಸಿಬ್ಬಂದಿ) ಕೈಯಲ್ಲಿ ಬರೆಸಿ ಸಹಿ ಹಾಕಿ ಕಳಿಸುವ ಅಭ್ಯಾಸ ಮಾಡಿಕೊಂಡವರು ಮುಂದೆ ಎಸ್‌ಪಿಯಾದಾಗ ಕೆಳಗಿನವರ ದೋಷಾರೋಪ ಪಟ್ಟಿಯಲ್ಲಿ ತಪ್ಪು ಎಲ್ಲಿದೆ ಎಂದು ಗುರುತಿಸಲಾರರು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಅವರು ಬರುವವರೆಗೆ ಜಾಗ ಕೆಡದಂತೆ ಕಾಯುವ ಹೊಣೆ ಮಾತ್ರ ಠಾಣೆಯದೇ.

ಠಾಣೆಯ ತಪಾಸಣೆ ಮಾಡುವುದನ್ನು ಇದೇ ಹುದ್ದೆಯಲ್ಲಿ ಕಲಿಯಬೇಕು. ಹೋದ ಕೂಡಲೇ ಗೌರವ ವಂದನೆ ಸ್ವೀಕರಿಸಿ, ಸುಣ್ಣ ಬಳಿದ ಗೋಡೆ ನೋಡಿ, ಊಟ ಮಾಡಿ ಹಿಂತಿರುಗಿದರೆ ಅದು ತಪಾಸಣೆಯಲ್ಲ. ಸ್ಟೇಷನ್ ಹೌಸ್ ಡೈರಿ ತೆರೆದು ಹಿಂದಿನ ರಾತ್ರಿಯ ನಮೂದುಗಳ ಸಮಯ ನೋಡಿ: ರಾತ್ರಿ ಗಸ್ತಿಗೆ ಹೋದವರ ನಮೂದು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ಅರ್ಧರ್ಧ ಗಂಟೆಯ ಅಂತರದಲ್ಲಿ ನೀಟಾಗಿ ಇದ್ದರೆ ಅದನ್ನು ಬೆಳಿಗ್ಗೆ ಕೂತು ಬರೆದಿದ್ದಾರೆ ಎಂದೇ ಅರ್ಥ. ಜಪ್ತಿ ಮಾಡಿದ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯ ಬೀಗ ತೆಗೆಸಿ, ರಿಜಿಸ್ಟರಿನ ಯಾವುದಾದರೂ ಒಂದು ಪಿಎಫ್ (ಪ್ರಾಪರ್ಟಿ ಫಾರ್ಮ್) ಸಂಖ್ಯೆ ಹೇಳಿ ಆ ವಸ್ತು ತರಿಸಿ. ಚೀಟಿ ಹರಿದಿದೆಯೇ, ಅರಗಿನ ಮುದ್ರೆ ಇದೆಯೇ ನೋಡಿ. ಅರ್ಜಿ ಪುಸ್ತಕದಲ್ಲಿ ಎಫ್‌ಐಆರ್ ಆಗದೆ ಉಳಿದ ಅರ್ಜಿಗಳನ್ನು ಓದಿ, ಅವುಗಳಲ್ಲಿ ಒಂದಿಬ್ಬರು ಅರ್ಜಿದಾರರಿಗೆ ಅಲ್ಲಿಂದಲೇ ಫೋನ್ ಮಾಡಿ. ಬಿ ರಿಪೋರ್ಟ್ (ದೋಷಾರೋಪವಿಲ್ಲದೆ ಪ್ರಕರಣ ಮುಗಿಸುವ ಅಂತಿಮ ವರದಿ) ಹಾಕಿ ಮುಚ್ಚಿದ ಪ್ರಕರಣಗಳಲ್ಲಿ ದೂರುದಾರರಿಗೆ ತಿಳಿವಳಿಕೆ ಪತ್ರ ತಲುಪಿದೆಯೇ ಎಂದು ಕೇಳಿ. ಆ ಮೇಲೆ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕರೆದು, ರಜೆ ಯಾವಾಗ ಸಿಕ್ಕಿತ್ತು, ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಕ್ವಾರ್ಟರ್ಸ್ ಸೋರುತ್ತಿದೆಯೇ ಎಂದು ವಿಚಾರಿಸಿ. ಮೊದಮೊದಲು "ಏನೂ ತೊಂದರೆ ಇಲ್ಲ ಸಾರ್" ಎಂಬ ಒಂದೇ ಉತ್ತರ ಬರುತ್ತದೆ. ಎರಡನೇ ಸಲ ಹೋದಾಗ, ಹಿಂದಿನ ಸಲ ಹೇಳಿದ್ದರಲ್ಲಿ ಒಂದಾದರೂ ಸರಿಯಾಗಿದ್ದರೆ, ನಿಜ ಹೊರಬರುತ್ತದೆ.

ಜಿಲ್ಲೆಯ ಎಸ್‌ಪಿ

ಎಸ್‌ಪಿ ಹುದ್ದೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಚಿತ್ರಗಳಲ್ಲೂ ನೋಡಿದ್ದೀರಿ. ಇಲ್ಲಿ ಒಂದೆರಡು ಮಾತು ಸಾಕು. ಜಿಲ್ಲೆ ಸಿಕ್ಕಿದಾಗ ಅಪರಾಧಕ್ಕಿಂತ ಬಂದೋಬಸ್ತ್ ಮತ್ತು ಆಡಳಿತ ನಿಮ್ಮ ಸಮಯದ ದೊಡ್ಡ ಪಾಲನ್ನು ತಿನ್ನುತ್ತವೆ: ಗಣೇಶ ವಿಸರ್ಜನೆ, ಈದ್ ಮೆರವಣಿಗೆ, ಜಾತ್ರೆ, ಚುನಾವಣೆ, ಮಂತ್ರಿಗಳ ಪ್ರವಾಸ. ಸಿಬ್ಬಂದಿಯ ವರ್ಗಾವಣೆಗೆ ಶಿಫಾರಸು ಪತ್ರ ಹಿಡಿದು ಬರುವವರೂ ಬಹಳ. ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ ಎಸ್‌ಪಿ ಮತ್ತು ಠಾಣಾಧಿಕಾರಿಗಳಿಗೆ ಕನಿಷ್ಠ 2 ವರ್ಷದ ಅವಧಿ ಇರಬೇಕು, ವರ್ಗಾವಣೆಗಳನ್ನು ಪೊಲೀಸ್ ಸಿಬ್ಬಂದಿ ಮಂಡಳಿ ನೋಡಿಕೊಳ್ಳಬೇಕು ಎಂಬವೂ ಸೇರಿದ್ದವು. ಕರ್ನಾಟಕ 2012ರಲ್ಲಿ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆ ಮಂಡಳಿಯನ್ನು ಸೇರಿಸಿತು. ಐಪಿಎಸ್ ಹುದ್ದೆಗಳಿಗೆ 2014ರ ತಿದ್ದುಪಡಿ ನಿಯಮಗಳು 2 ವರ್ಷದ ಅವಧಿ ಮತ್ತು ನಾಗರಿಕ ಸೇವಾ ಮಂಡಳಿಯ ಶಿಫಾರಸನ್ನು ಕಡ್ಡಾಯ ಮಾಡಿವೆ. ಅವಧಿಗೆ ಮೊದಲೇ ಎತ್ತಂಗಡಿ ಆಗುವುದು ಇನ್ನೂ ನಿಂತಿಲ್ಲ. ಹಾಗೆ ಆದಾಗ ನ್ಯಾಯಮಂಡಳಿಗೆ ಹೋಗುವ ಹಕ್ಕು ನಿಮಗಿದೆ: ಐಪಿಎಸ್‌ನವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ, ರಾಜ್ಯ ಸೇವೆಯವರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ.

ಎಕ್ಸಿಕ್ಯುಟಿವ್ ಅಲ್ಲದ ಹುದ್ದೆಗಳು

ಇಲಾಖೆಯಲ್ಲಿ ಜಿಲ್ಲೆ, ವಲಯ, ನಗರ ಕಮಿಷನರೇಟ್‌ಗಳ ಹುದ್ದೆಗಳನ್ನು ಎಕ್ಸಿಕ್ಯುಟಿವ್ ಎಂದೂ ಉಳಿದವನ್ನು ನಾನ್ ಎಕ್ಸಿಕ್ಯುಟಿವ್ ಎಂದೂ ವಿಂಗಡಿಸಿ ಮಾತಾಡುತ್ತಾರೆ. ಎರಡನೆಯದಕ್ಕೆ ಹಾಕಿದರೆ ಮೂಲೆಗೆ ತಳ್ಳಿದರೆಂಬ ಭಾವನೆ ಬಲವಾಗಿದೆ. ಸಿಐಡಿ, ಗುಪ್ತವಾರ್ತೆ, ಆಂತರಿಕ ಭದ್ರತಾ ವಿಭಾಗ, ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್ ಪಡೆ), ತರಬೇತಿ, ನೇಮಕಾತಿ, ನಿಸ್ತಂತು, ಕರಾವಳಿ ಕಾವಲು, ನಾಗರಿಕ ಹಕ್ಕು ಜಾರಿ, ಕಾರಾಗೃಹ, ಅಗ್ನಿಶಾಮಕ, ಲೋಕಾಯುಕ್ತ ಎಂದು ಪಟ್ಟಿ ದೊಡ್ಡದು. ಡಿಐಜಿಯಿಂದ ಮೇಲಿನ ವರ್ಷಗಳಲ್ಲಿ ಬಹುಪಾಲು ಇಂಥ ಹುದ್ದೆಗಳಲ್ಲೇ ಕಳೆಯುತ್ತವೆ. ಆದ್ದರಿಂದ ಇವುಗಳಲ್ಲಿ ಒಂದೆರಡನ್ನು ನಿಮ್ಮ ಪರಿಣತಿಯ ಕ್ಷೇತ್ರವಾಗಿ ಮಾಡಿಕೊಳ್ಳುವುದು ಜಾಣತನ ಮಾತ್ರವಲ್ಲ, ಇಲಾಖೆಗೆ ಬೇಕಾಗಿರುವುದೂ ಅದೇ.

ಇತ್ತೀಚಿನ ಮುಖ್ಯಸ್ಥರ ಹಾದಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1986ರ ಬ್ಯಾಚಿನ ಪ್ರವೀಣ್ ಸೂದ್ ಅವರು ಐಐಟಿ ದೆಹಲಿಯಲ್ಲಿ ಓದಿದವರು. ಬಳ್ಳಾರಿ ಮತ್ತು ರಾಯಚೂರಿನಲ್ಲಿ ಎಸ್‌ಪಿಯಾಗಿದ್ದು, ಮೂರು ವರ್ಷ ಮಾರಿಷಸ್ ಸರ್ಕಾರದ ಪೊಲೀಸ್ ಸಲಹೆಗಾರರಾಗಿ ಹೋಗಿ ಬಂದು, ಮೈಸೂರು ನಗರದ ಆಯುಕ್ತರಾಗಿ, ಬೆಂಗಳೂರಿನ ಸಂಚಾರ ವಿಭಾಗದ ಹೊಣೆ ಹೊತ್ತು, ನಡುವೆ ಸಾರ್ವಜನಿಕ ನೀತಿ ಓದಿ, ಬೆಂಗಳೂರು ಆಯುಕ್ತರೂ ಆಗಿ, 2020ರ ಜನವರಿ ಕೊನೆಯಲ್ಲಿ ಡಿಜಿ ಮತ್ತು ಐಜಿಪಿ ಆದರು. 2023ರ ಮೇ ತಿಂಗಳಲ್ಲಿ ಸಿಬಿಐ ನಿರ್ದೇಶಕರಾಗಿ ಹೋದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ 1983ರ ಬ್ಯಾಚಿನ ನೀಲಮಣಿ ಎನ್. ರಾಜು ಅವರು ದೀರ್ಘಕಾಲ ಕೇಂದ್ರದ ನಿಯೋಜನೆಯಲ್ಲಿ ಗುಪ್ತಚರ ಸಂಸ್ಥೆಯಲ್ಲಿ ದುಡಿದವರು, 2017ರ ಅಕ್ಟೋಬರ್ ಕೊನೆಯಲ್ಲಿ ರಾಜ್ಯದ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆಯಾದರು. 2025ರಲ್ಲಿ ಮುಖ್ಯಸ್ಥರಾದ 1993ರ ಬ್ಯಾಚಿನ ಎಂ.ಎ. ಸಲೀಂ ಅವರ ಹೆಸರು ಬೆಂಗಳೂರಿನ ಸಂಚಾರ ನಿರ್ವಹಣೆಯೊಂದಿಗೆ ಬಹಳ ಹಿಂದಿನಿಂದ ಬೆಸೆದುಕೊಂಡಿದೆ. ಆ ಹುದ್ದೆಗೆ ಬರುವಾಗ ಅವರು ಸಿಐಡಿಯಲ್ಲಿದ್ದರು. ಮೂವರದೂ ಮೂರು ಬಗೆಯ ಹಾದಿ. 1975ರಲ್ಲಿ ಕರ್ನಾಟಕ ಕೇಡರಿನ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾಗಿ ಬಂದ ಜೀಜಾ ಮಾಧವನ್ ಹರಿಸಿಂಗ್ ಅವರೂ ಡಿಜಿಪಿ ದರ್ಜೆಯವರೆಗೆ ಏರಿ ನಿವೃತ್ತರಾದವರು. ಆ ಕಾಲದಲ್ಲಿ ಅದು ಎಷ್ಟು ಕಷ್ಟದ ಹಾದಿಯಾಗಿತ್ತೆಂಬುದನ್ನು ಈಗ ಸೇರುವ ಹೆಣ್ಣುಮಕ್ಕಳು ಅರಿತಿರಬೇಕು.

ಕೇಂದ್ರದ ನಿಯೋಜನೆಗೆ ಯಾವಾಗ ಹೋಗಬೇಕು ಎಂಬ ಪ್ರಶ್ನೆ ಅನೇಕರಲ್ಲಿದೆ. ಒಂದೆರಡು ಜಿಲ್ಲೆ ನೋಡಿದ ಮೇಲೆ, ಎಸ್‌ಪಿ ಅಥವಾ ಡಿಐಜಿ ಹಂತದಲ್ಲಿ ಹೋಗುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಸಿಬಿಐ, ಎನ್‌ಐಎ (ರಾಷ್ಟ್ರೀಯ ತನಿಖಾ ದಳ), ಗುಪ್ತಚರ ಸಂಸ್ಥೆ ಅಥವಾ ಕೇಂದ್ರ ಮೀಸಲು ಪಡೆಗಳಲ್ಲಿ ಕಲಿತದ್ದು ಹಿಂತಿರುಗಿ ಬಂದಾಗ ರಾಜ್ಯಕ್ಕೆ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ ಇವೆಲ್ಲವನ್ನೂ ಮನೆಯವರೊಂದಿಗೆ ಕೂತು ಮಾತಾಡಿದ ಮೇಲೆಯೇ ಒಪ್ಪಿಗೆ ಕೊಡಿ.

ದಾಖಲೆ ಮತ್ತು ಅಮಾನತಿನ ಅಪಾಯ

ಬಡ್ತಿಯನ್ನು ತಡೆಯುವುದು ಹೆಚ್ಚಾಗಿ ಎರಡು ಸಂಗತಿ: ವಾರ್ಷಿಕ ಕಾರ್ಯಮೌಲ್ಯಮಾಪನ ವರದಿ ಮತ್ತು ಇಲಾಖಾ ವಿಚಾರಣೆ. ಐಪಿಎಸ್‌ನವರಿಗೆ 2007ರ ನಿಯಮಗಳ ಪ್ರಕಾರ ವರದಿಯಲ್ಲಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ, ಅಧಿಕಾರಿಗೆ ಅದನ್ನು ತೋರಿಸುತ್ತಾರೆ, ಒಪ್ಪಿಗೆ ಇಲ್ಲದಿದ್ದರೆ ನಿಗದಿತ ಅವಧಿಯಲ್ಲಿ ಮನವಿ ಸಲ್ಲಿಸಬಹುದು. ಆ ಅವಧಿಯನ್ನು ಉದಾಸೀನದಿಂದ ಕಳೆದುಕೊಂಡು ಹತ್ತು ವರ್ಷದ ಮೇಲೆ ಪರಿತಪಿಸಿದರೆ ಪ್ರಯೋಜನವಿಲ್ಲ. ಸ್ಥಿರಾಸ್ತಿ ವಿವರವನ್ನು ಪ್ರತಿ ವರ್ಷ ಜನವರಿ 31ರೊಳಗೆ ಸಲ್ಲಿಸಿ. ವಿಚಾರಣೆ ಬಾಕಿ ಇದ್ದರೆ ಬಡ್ತಿ ಸಮಿತಿ ನಿಮ್ಮ ಹೆಸರಿನ ತೀರ್ಮಾನವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಡುತ್ತದೆ, ಕಿರಿಯರು ಮುಂದೆ ಹೋಗುತ್ತಾರೆ. ಮೌಖಿಕ ಆದೇಶ ಬಂದಾಗ ಅದನ್ನು ಅದೇ ದಿನ ಕಡತದಲ್ಲಿ ನಮೂದಿಸಿ, ಹೇಳಿದವರಿಗೆ ಪ್ರತಿ ಕಳಿಸುವ ರೂಢಿ ಇಟ್ಟುಕೊಳ್ಳಿ.

ಎತ್ತರದ ಹುದ್ದೆಯೂ ಅಮಾನತಿನಿಂದ ರಕ್ಷಣೆ ಕೊಡುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಮರುದಿನವೇ ನಗರ ಪೊಲೀಸ್ ಆಯುಕ್ತರಿಂದ ಹಿಡಿದು ಠಾಣಾ ಇನ್‌ಸ್ಪೆಕ್ಟರ್‌ವರೆಗೆ ಐವರು ಅಧಿಕಾರಿಗಳು ಅಮಾನತಾದರು. ಅವರಲ್ಲೊಬ್ಬ ಐಪಿಎಸ್ ಅಧಿಕಾರಿಯ ಅಮಾನತನ್ನು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ರದ್ದುಪಡಿಸಿತು, ಆ ತಿಂಗಳ ಕೊನೆಯಲ್ಲಿ ಸರ್ಕಾರವೂ ಅಮಾನತನ್ನು ಹಿಂಪಡೆಯಿತು. ಯಾರ ಹೊಣೆ ಎಷ್ಟು ಎಂಬ ಚರ್ಚೆ ಏನೇ ಇರಲಿ, ಬಂದೋಬಸ್ತ್ ನೋಡಿಕೊಳ್ಳುವ ಅಧಿಕಾರಿ ಇದರಿಂದ ತಿಳಿಯಬೇಕಾದದ್ದು ಒಂದಿದೆ: ಅನುಮತಿ ಕೋರಿದ ಪತ್ರ, ನೀವು ಕೊಟ್ಟ ಉತ್ತರ, ನಿಯೋಜಿಸಿದ ಸಿಬ್ಬಂದಿಯ ಪಟ್ಟಿ ಇವು ಘಟನೆಗೆ ಮೊದಲೇ ಲಿಖಿತವಾಗಿ ಇರಬೇಕು.

ಮುಖ್ಯಸ್ಥರ ಆಯ್ಕೆ

ಡಿಜಿ ಮತ್ತು ಐಜಿಪಿ ಹುದ್ದೆಗೆ ಪ್ರತ್ಯೇಕ ವಿಧಾನವಿದೆ. ಪ್ರಕಾಶ್ ಸಿಂಗ್ ತೀರ್ಪಿನಂತೆ ರಾಜ್ಯ ಸರ್ಕಾರ ಅರ್ಹ ಹಿರಿಯರ ಹೆಸರುಗಳನ್ನು ಕೇಂದ್ರ ಲೋಕಸೇವಾ ಆಯೋಗಕ್ಕೆ ಕಳಿಸುತ್ತದೆ. ಆಯೋಗ ಸೇವಾವಧಿ, ದಾಖಲೆ ಮತ್ತು ಅನುಭವ ನೋಡಿ ಮೂವರ ಪಟ್ಟಿ ಮಾಡುತ್ತದೆ. ಅವರಲ್ಲಿ ಒಬ್ಬರನ್ನು ಸರ್ಕಾರ ನೇಮಿಸುತ್ತದೆ. ಹುದ್ದೆ ಖಾಲಿಯಾಗುವ 3 ತಿಂಗಳ ಮೊದಲೇ ಪ್ರಸ್ತಾವನೆ ಹೋಗಬೇಕು, ಪ್ರಭಾರ ಮುಖ್ಯಸ್ಥರನ್ನು ನೇಮಿಸಬಾರದು ಎಂದು ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ ಹೇಳಿತು. ನಿವೃತ್ತಿಗೆ ಕನಿಷ್ಠ 6 ತಿಂಗಳು ಉಳಿದಿರುವವರನ್ನು ಪರಿಗಣಿಸಬೇಕೆಂದು 2019ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. 30 ವರ್ಷಗಳ ಸೇವೆ ಮತ್ತು ಆ 6 ತಿಂಗಳನ್ನು ಕೂಡಿಸಿದರೆ, ಸುಮಾರು ಇಪ್ಪತ್ತೊಂಬತ್ತೂವರೆ ವಯಸ್ಸಿನೊಳಗೆ ಸೇವೆಗೆ ಬಂದವರು ಮಾತ್ರ ಈ ಪಟ್ಟಿಗೆ ಬರಲು ಸಾಧ್ಯ.

ಆಯ್ಕೆಯಾದವರ ಅವಧಿ ಕನಿಷ್ಠ 2 ವರ್ಷ. ಪಟ್ಟಿಯಲ್ಲಿರುವವರು ಆಯ್ಕೆಯನ್ನು ಪ್ರಶ್ನಿಸುವುದೂ ಉಂಟು: 2012ರ ಮಾರ್ಚ್‌ನಲ್ಲಿ ಇದೇ ರಾಜ್ಯದ ಮುಖ್ಯಸ್ಥರೊಬ್ಬರ ನೇಮಕವನ್ನು ಇನ್ನೊಬ್ಬ ಹಿರಿಯ ಅಧಿಕಾರಿ ಪ್ರಶ್ನಿಸಿ, ಕೇಂದ್ರ ಆಡಳಿತ ನ್ಯಾಯಮಂಡಳಿ ಅದನ್ನು ರದ್ದುಪಡಿಸಿತು, ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆದ್ದರಿಂದ ಎಡಿಜಿಪಿ ಹಂತಕ್ಕೆ ಬಂದವರು ತಮ್ಮ ಸೇವಾ ಪುಸ್ತಕ, ಮೌಲ್ಯಮಾಪನ ವರದಿಗಳು, ಬಾಕಿ ಇರುವ ಪ್ರಕರಣ ಅಥವಾ ಆಯೋಗಗಳ ವರದಿಗಳ ಬಗೆಗಿನ ಮಾಹಿತಿ ಎಲ್ಲವೂ ಪೂರ್ಣವಾಗಿ ಮತ್ತು ಸತ್ಯವಾಗಿ ಸರ್ಕಾರದ ಕಡತದಲ್ಲಿವೆಯೇ ಎಂದು ಸ್ವತಃ ಪರಿಶೀಲಿಸಿಕೊಳ್ಳಬೇಕು. ಕೊರತೆ ಕಂಡರೆ ಒಳಾಡಳಿತ ಇಲಾಖೆಗೂ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಗೂ ಪತ್ರ ಬರೆದು, ಪ್ರಸ್ತಾವನೆ ದೆಹಲಿಗೆ ಹೋಗುವ ಮೊದಲೇ ಸರಿಪಡಿಸಿಕೊಳ್ಳಬೇಕು.